ತಲೆಯೊಳಗಿನ ಕೆರೆಗೆ ತೂಬಿಲ್ಲ, ಕೋಡಿಯಿದೆ

ಸಿಸೇರಿಯನ್ ಆದ ಎರಡನೆಯ ದಿನ ಕೆಲವು ಬಾಣಂತಿಯರಿಗೆ ಒಂದು ವಿಚಿತ್ರ ತಲೆನೋವು ಶುರುವಾಗುತ್ತದೆ. ಮಲಗಿದ್ದರೆ ಏನೂ ಇಲ್ಲ. ಮಗುವಿಗೆ ಹಾಲು ಕೊಡೋಣವೆಂದು ಎದ್ದು ಕೂತರೆ ತಲೆ ಸಿಡಿಯುತ್ತದೆ. ಮತ್ತೆ ಒರಗಿದರೆ ಸ್ವಲ್ಪ ಹೊತ್ತಿನಲ್ಲೇ ಮಾಯ. "ಶೀತ ಆಗಿದೆ, ಕಿವಿಗೆ ಹತ್ತಿ ಇಟ್ಕೊಳ್ಳೇ" ಎನ್ನುತ್ತಾರೆ ಮನೆಯ ಹಿರಿಯರು. ಕಾರಣ ಇರುವುದು ಸೊಂಟದ ಹತ್ತಿರ. ಅರಿವಳಿಕೆಗೆಂದು ಬೆನ್ನಿಗೆ ಚುಚ್ಚಿದ ಸೂಜಿಯ ತೂತಿನಿಂದ ನೀರು ಜಿನುಗುತ್ತಿರುತ್ತದೆ. ಆ ನೀರಿನಲ್ಲಿ ತೇಲುತ್ತಿದ್ದ ಮಿದುಳು ಎದ್ದು ಕೂತಾಗ ಕೊಂಚ ಕೆಳಗೆ ಜಗ್ಗುತ್ತದೆ. 1898ರಲ್ಲಿ ಈ ಅರಿವಳಿಕೆಯನ್ನು ಮೊದಲು ಬಳಕೆಗೆ ತಂದ ಜರ್ಮನ್ ವೈದ್ಯ ಆಗಸ್ಟ್ ಬಿಯರ್, ಸಹಾಯಕನಿಂದ ತನ್ನ ಬೆನ್ನಿಗೇ ಚುಚ್ಚಿಸಿಕೊಂಡು, ಎಷ್ಟೋ ದಿನ ಇದೇ ತಲೆನೋವಿನಲ್ಲಿ ಮಲಗಿದ್ದ.

ವೈದ್ಯರು ಈ ನೀರನ್ನು ಸಿಎಸ್‌ಎಫ್ ಎನ್ನುತ್ತಾರೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುವ ನಮ್ಮವರಿಗೆ ಅದು "ಬೆನ್ನಿನಿಂದ ತೆಗೆದ ನೀರು". ಆದರೆ ಅದು ಹುಟ್ಟುವುದು ಬೆನ್ನಿನಲ್ಲಲ್ಲ, ತಲೆಯ ನಡುವೆ. ಮಿದುಳಿನೊಳಗೆ ನಾಲ್ಕು ಟೊಳ್ಳು ಕೋಣೆಗಳಿವೆ. ಅವುಗಳಲ್ಲಿ ಹೂಕೋಸಿನ ಚೂರಿನಂಥ ಕೆಂಪು ಎಳೆಗಳು ಇಳಿಬಿದ್ದಿವೆ. ಹೆಸರು ಕೋರಾಯ್ಡ್ ಪ್ಲೆಕ್ಸಸ್. ಅದರ ಜೀವಕೋಶಗಳು ರಕ್ತದಿಂದ ಉಪ್ಪಿನಂಶವನ್ನು ಎಳೆದು ಕೋಣೆಯೊಳಕ್ಕೆ ತಳ್ಳುತ್ತವೆ, ಉಪ್ಪಿನ ಬೆನ್ನಿಗೆ ನೀರೂ ಬರುತ್ತದೆ. ರಕ್ತದ ಪ್ರೋಟೀನನ್ನು ಹೆಚ್ಚುಕಡಿಮೆ ಪೂರ್ತಿ ಹೊರಗೇ ಉಳಿಸಿ, ಸಕ್ಕರೆಯನ್ನು ಅಳೆದು ಬಿಡುತ್ತವೆ. ಹೀಗೆ ದಿನಕ್ಕೆ ಅರ್ಧ ಲೀಟರ್, ಅಂದರೆ ಒಂದು ನಂದಿನಿ ಹಾಲಿನ ಪ್ಯಾಕೆಟ್ಟಿನಷ್ಟು ನೀರು ತಯಾರು. ಯಾವುದೇ ಹೊತ್ತಿನಲ್ಲಿ ಒಳಗೆ ಇರುವುದು ಮಾತ್ರ 150 ಮಿಲಿಲೀಟರ್. ದಿನಕ್ಕೆ ಮೂರು ನಾಲ್ಕು ಬಾರಿ ಇಡೀ ನೀರು ಬದಲಾಗುತ್ತದೆ. ತಕ್ಕಡಿಯಲ್ಲಿ 1400 ಗ್ರಾಂ ತೂಗುವ ಮಿದುಳು ಈ ನೀರಿನಲ್ಲಿ ತೇಲುವಾಗ ಸುಮಾರು 50 ಗ್ರಾಂ ಅಷ್ಟೇ.

ಇಷ್ಟು ನೀರಿನ ಲೆಕ್ಕವನ್ನು ಯಾರು ಇಡುತ್ತಾರೆ? ನಮ್ಮ ಕೆರೆಗಳನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ತೂಬನ್ನು ಮನುಷ್ಯ ಎತ್ತಬೇಕು, ಇಳಿಸಬೇಕು. ಕೋಡಿಗೆ ಯಾರೂ ಬೇಡ. ಮಟ್ಟ ಏರಿದರೆ ತಾನೇ ಹರಿಯುತ್ತದೆ, ಇಳಿದರೆ ನಿಲ್ಲುತ್ತದೆ. ತಲೆಯೊಳಗಿರುವುದು ಕೋಡಿಯೇ. ನೀರು ಕೋಣೆಯಿಂದ ಕೋಣೆಗೆ ಕಿರಿದಾದ ಕಾಲುವೆಯಲ್ಲಿ ಇಳಿದು, ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತಿ, ಕೊನೆಗೆ ನೆತ್ತಿಯ ದೊಡ್ಡ ಅಭಿಧಮನಿಗೆ ಅಂಟಿದ ಪುಟ್ಟ ಮೊಗ್ಗುಗಳ ಮೂಲಕ ರಕ್ತ ಸೇರುತ್ತದೆ. ನೀರಿನ ಒತ್ತಡ ಅಭಿಧಮನಿಯ ಒತ್ತಡವನ್ನು ಮೀರಿದಾಗ ಮಾತ್ರ ಅದು ದಾಟುತ್ತದೆ. ಒಂದಷ್ಟು ನೀರು ಮೂಗಿನ ನರಗಳ ಜೊತೆ ಇಳಿದು ಕತ್ತಿನ ದುಗ್ಧಗ್ರಂಥಿಗಳಿಗೂ ಹೋಗುತ್ತದೆ. ಮಲಗಿದವರ ಬೆನ್ನಿಗೆ ಸೂಜಿ ಹಾಕಿ ಗಾಜಿನ ಕೊಳವೆ ಜೋಡಿಸಿದರೆ ನೀರು 10ರಿಂದ 20 ಸೆಂಟಿಮೀಟರ್ ಏರಿ ನಿಲ್ಲುತ್ತದೆ. ಕೆರೆಯ ಮಟ್ಟ ಅದು.

ತೊಂದರೆ ಇರುವುದು ಮೇಲಿನ ಹಳ್ಳದಲ್ಲಿ, ಅಂದರೆ ಕೋರಾಯ್ಡ್ ಪ್ಲೆಕ್ಸಸ್ಸಿನಲ್ಲಿ. ಕೋಡಿ ಕಟ್ಟಿಕೊಂಡರೂ ಅದು ಹೆಚ್ಚುಕಡಿಮೆ ಅದೇ ವೇಗದಲ್ಲಿ ಸುರಿಯುತ್ತಲೇ ಇರುತ್ತದೆ. ಶಿಶುವಾದರೆ ತಲೆಬುರುಡೆಯ ಹೊಲಿಗೆಗಳು ಇನ್ನೂ ಕೂಡಿರುವುದಿಲ್ಲ, ತಲೆಯೇ ದೊಡ್ಡದಾಗುತ್ತ ಹೋಗುತ್ತದೆ. ಇದಕ್ಕೆ ವೈದ್ಯರು ಕಂಡುಕೊಂಡ ಉಪಾಯ ಇನ್ನೊಂದು ಕೋಡಿ: ಶಂಟ್ ಎಂಬ ಸಣ್ಣ ನಳಿಕೆ, ತಲೆಯಿಂದ ಚರ್ಮದಡಿ ಹೊಟ್ಟೆಯವರೆಗೆ. ಉತ್ತರ ಪ್ರದೇಶದ ಷಹಜಹಾನಪುರದಲ್ಲಿ ತಯಾರಾಗುವ ಛಾಬ್ರಾ ಶಂಟನ್ನು ಉಗಾಂಡಾದ ಮಕ್ಕಳಲ್ಲಿ ಅಮೆರಿಕದ ಶಂಟಿನೊಂದಿಗೆ ಹೋಲಿಸಿ ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಒಂದಕ್ಕೆ 35 ಡಾಲರ್, ಇನ್ನೊಂದಕ್ಕೆ 650. ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಳ್ಳವನ್ನೇ ಸಣ್ಣದು ಮಾಡಲಾಗದೆ? ಕಾರಣ ತಿಳಿಯದೆ ತಲೆಯೊಳಗೆ ಒತ್ತಡ ಏರುವ ಒಂದು ಕಾಯಿಲೆಯಿದೆ. ಬಹುಪಾಲು ತೂಕ ಹೆಚ್ಚಿರುವ ಯುವತಿಯರಿಗೆ ಬರುತ್ತದೆ, ಕಣ್ಣಿನ ನರ ಊದಿ ದೃಷ್ಟಿ ಹೋಗಲೂಬಹುದು. ಹಲ್ಲಿಯ ಜಾತಿಯ ಗಿಲಾ ಮಾನ್ಸ್ಟರ್ ಎಂಬ ಪ್ರಾಣಿಯ ಜೊಲ್ಲಿನಿಂದ ಸುಳಿವು ಪಡೆದ ಎಕ್ಸೆನಟೈಡ್ ಎಂಬ ಸಕ್ಕರೆ ಕಾಯಿಲೆಯ ಔಷಧ ಕೋರಾಯ್ಡ್ ಪ್ಲೆಕ್ಸಸ್ಸಿನ ಪಂಪನ್ನು ನಿಧಾನಿಸುತ್ತದೆಂದು ಬರ್ಮಿಂಗ್‌ಹ್ಯಾಮಿನ ವಿಜ್ಞಾನಿಗಳು ಇಲಿಗಳಲ್ಲಿ ಕಂಡರು. 2023ರಲ್ಲಿ ಹೊರಬಂದ ಪುಟ್ಟ ಪರೀಕ್ಷೆಯಲ್ಲಿ ಹೆಂಗಸರ ಒತ್ತಡ ಐದಾರು ಸೆಂಟಿಮೀಟರ್ ಇಳಿಯಿತು. ಅದನ್ನು ಈ ಕಾಯಿಲೆಗೆ ಔಷಧವಾಗಿಸಲು ಹೊರಟ ಕಂಪನಿ ಪರ್ತ್‌ನ ಇನ್ವೆಕ್ಸ್ ಥೆರಪ್ಯೂಟಿಕ್ಸ್. ಪರೀಕ್ಷೆಯಲ್ಲಿದ್ದವರು ಹದಿನೈದೇ ಮಂದಿ, ಮುಂದಿನ ದೊಡ್ಡ ಪರೀಕ್ಷೆ ಪೂರ್ತಿಯಾಗಲಿಲ್ಲ. ಆದರೂ ದಾರಿ ಸರಿಯಾದದ್ದೇ ಎಂದು ನನಗನಿಸುತ್ತದೆ.

ನೀರು ಮಾಡುವ ಈ ಕೋಶಗಳು ಕಾವಲುಗಾರರೂ ಹೌದು. ಆ ಕಾವಲು ಎಷ್ಟು ಬಿಗಿ ಎಂಬುದು 1942ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಗೊತ್ತಾಯಿತು. ಮಿದುಳು ಪೊರೆಯ ಸೋಂಕಿನಿಂದ ಸಾಯುತ್ತಿದ್ದ ತನ್ನ ರೋಗಿಗೆ ಅಲೆಗ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕೊಡಬೇಕೆಂದುಕೊಂಡ. ಕಂಡುಹಿಡಿದವನು ಅವನೇ, ಶುದ್ಧ ಮಾಡಿದ ಔಷಧ ಇದ್ದದ್ದು ಅಡಿಲೇಡ್‌ನಲ್ಲಿ ಹುಟ್ಟಿ ಅಲ್ಲೇ ವೈದ್ಯಕೀಯ ಓದಿದ ಹೊವಾರ್ಡ್ ಫ್ಲೋರಿಯ ಬಳಿ, ಆಕ್ಸ್‌ಫರ್ಡಿನಲ್ಲಿ. ಫ್ಲೋರಿ ಕೊಟ್ಟ. ಸ್ನಾಯುವಿಗೆ ಚುಚ್ಚಿದರೂ ಬೆನ್ನಿನ ನೀರಿನಲ್ಲಿ ಪೆನಿಸಿಲಿನ್ನಿನ ಸುಳಿವಿರಲಿಲ್ಲ. ಕೊನೆಗೆ ಫ್ಲೆಮಿಂಗ್ ನೇರ ಬೆನ್ನಿಗೇ ಚುಚ್ಚಿದ, ರೋಗಿ ಬದುಕಿದ. ಒಳಕ್ಕೆ ನುಸುಳಿದ ಪೆನಿಸಿಲಿನ್ನನ್ನೂ ಕೋರಾಯ್ಡ್ ಪ್ಲೆಕ್ಸಸ್ ಹಿಡಿದು ವಾಪಸ್ ರಕ್ತಕ್ಕೆ ದಬ್ಬುತ್ತದೆಂದು ಆಮೇಲೆ ತಿಳಿಯಿತು.

ಔಷಧವನ್ನು ತಡೆಯುವ ಕಾವಲು ಇಲಿಯ ಹುಳುವನ್ನು ತಡೆಯಲಾರದು. ಇಲಿಯ ಶ್ವಾಸಕೋಶದ ಹುಳು ಬಸವನಹುಳು, ಗೊಂಡೆಹುಳುಗಳಿಂದ ಇಲಿಗೆ ಹೋಗಿ, ಮೊದಲು ಅದರ ಮಿದುಳಿನಲ್ಲಿ ಬೆಳೆದು, ಬಳಿಕ ಶ್ವಾಸಕೋಶಕ್ಕೆ ಇಳಿಯುತ್ತದೆಂದು 1955ರಲ್ಲಿ ತೋರಿಸಿಕೊಟ್ಟವರು ಬ್ರಿಸ್ಬೇನ್‌ನ ಜೋಸೆಫೀನ್ ಮೆಕೆರಾಸ್ ಮತ್ತು ಡೊರೋಥಿಯಾ ಸ್ಯಾಂಡರ್ಸ್. ಹಸಿ ಎಲೆಗೆ ಅಂಟಿದ ಗೊಂಡೆಹುಳುವಿನ ಜೊತೆ ಮನುಷ್ಯನ ಹೊಟ್ಟೆ ಸೇರಿದರೆ ಅದಕ್ಕೆ ಮುಂದಿನ ದಾರಿ ಸಿಗದು, ತಲೆಯಲ್ಲೇ ಸಾಯುತ್ತದೆ. ಆಗ ಬೆನ್ನಿನ ನೀರಿನ ತುಂಬ ಈಯೊಸಿನೋಫಿಲ್ ಎಂಬ ಬಿಳಿ ರಕ್ತಕಣಗಳು. ಹಿತ್ತಲಲ್ಲಿ ಕೊತ್ತಂಬರಿ ಬೆಳೆಯುವ ಬ್ರಿಸ್ಬೇನ್ ಕನ್ನಡಿಗರು ಕೋಸಂಬರಿಗೆ ಹಾಕುವ ಮುಂಚೆ ಎಲೆ ಎಲೆಯನ್ನೂ ತೊಳೆಯುವುದು ಲೇಸು.

ಆಸ್ಟ್ರೇಲಿಯಾದಿಂದ ಬಂದ ಅತ್ಯಂತ ಉಪಯುಕ್ತ ಪಾಠ ಮಾತ್ರ ಬ್ರೆಡ್ಡಿನದು. ಭ್ರೂಣದ ನರನಳಿಕೆ ಸರಿಯಾಗಿ ಮುಚ್ಚದಿದ್ದರೆ ಮಗುವಿನ ಬೆನ್ನುಹುರಿ ತೆರೆದುಕೊಂಡೇ ಇರುತ್ತದೆ. ತೀವ್ರವಾಗಿದ್ದರೆ ಮಿದುಳಿನ ಕೆಳಭಾಗ ಜಾರಿ ನೀರಿನ ದಾರಿ ಕಟ್ಟುತ್ತದೆ, ಹೆಚ್ಚಿನ ಮಕ್ಕಳಿಗೆ ಶಂಟ್ ಬೇಕಾಗುತ್ತದೆ. ತಾಯಿಯ ಊಟದಲ್ಲಿ ಫೋಲೇಟ್ ಹೆಚ್ಚಿದ್ದರೆ ಈ ಅಪಾಯ ಕಡಿಮೆ ಎಂದು ಪರ್ತ್‌ನ ಕ್ಯಾರಲ್ ಬೋವರ್ ಮತ್ತು ಫಿಯೋನಾ ಸ್ಟ್ಯಾನ್ಲಿ 1989ರಲ್ಲೇ ಬರೆದರು. ಬ್ರೆಡ್ ಮಾಡುವ ಗೋಧಿ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸಬೇಕೆಂಬ ಕಾನೂನು ಬಂದದ್ದು 2009ರ ಸೆಪ್ಟೆಂಬರಿನಲ್ಲಿ. ಇಪ್ಪತ್ತು ವರ್ಷ! ಒಟ್ಟಾರೆ ಇಳಿಕೆ ಶೇ. 14 ಅಷ್ಟೇ, ಮೂಲನಿವಾಸಿ ತಾಯಂದಿರ ಮಕ್ಕಳಲ್ಲಿ ಶೇ. 74. ಮಾತ್ರೆ ಕೊಳ್ಳುವ ಅನುಕೂಲ, ತಿಳಿವಳಿಕೆ ಇಲ್ಲದವರಿಗೇ ಬ್ರೆಡ್ಡು ಹೆಚ್ಚು ಉಪಕಾರ ಮಾಡಿತು. ನಮ್ಮಲ್ಲಿ "ಪ್ಲಾಸ್ಟಿಕ್ ಅಕ್ಕಿ" ಎಂದು ಬೈದು ಆರಿಸಿ ಎಸೆಯುತ್ತಿದ್ದ ಪಡಿತರ ಅಕ್ಕಿಯ ಕಾಳುಗಳಲ್ಲೂ ಇದ್ದದ್ದು ಕಬ್ಬಿಣದ ಜೊತೆ ಇದೇ ಫೋಲಿಕ್ ಆಮ್ಲ.

ನರನಳಿಕೆ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳೊಳಗೆ, ಎಷ್ಟೋ ಸಲ ತಾಯಿಗೆ ತಾನು ಬಸುರಿ ಎಂದು ಗೊತ್ತಾಗುವ ಮುಂಚೆಯೇ. ಹಾಗಾಗಿ ಮಗಳನ್ನೋ ಸೊಸೆಯನ್ನೋ "ಏನಮ್ಮಾ, ವಿಶೇಷವಾ?" ಎಂದು ಕೇಳುವವರೆಗೆ ಕಾಯದೆ, ಗರ್ಭ ನಿಲ್ಲುವ ತಿಂಗಳು ಮುಂಚೆಯೇ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡಲು ಡಾಕ್ಟರನ್ನು ಕೇಳುವಂತೆ ಹೇಳಿ.