ಫ್ರೆಂಚ್ ಕಲಿಕೆಯ ಮೊದಲ ಸಂಕೋಚ

ಹೊನ್ನಾಳಿ ಸೀಮೆಯ ಗೋವಿನಕೋವಿ ನನ್ನ ಊರು. ಅಲ್ಲಿ ಹುಟ್ಟಿ, ಕನ್ನಡದಲ್ಲಿಯೇ ಓದಿ, ನೌಕರಿಯ ನಿಮಿತ್ತ ಬೆಂಗಳೂರು ಸೇರಿದ ನಾನು ಅರವತ್ತು ದಾಟಿದ ಮೇಲೆ ಫ್ರೆಂಚ್ ತರಗತಿಗೆ ಸೇರಿದೆನೆಂದರೆ ಊರಿನವರು ನಗುವುದು ಸಹಜವೇ. ಕಾರಣವೇನೋ ಸರಳವಾದುದು. ಫ್ರಾನ್ಸಿನ ತುಲೂಸ್ ನಗರದಲ್ಲಿ ಬೆಳೆಯುತ್ತಿರುವ ನನ್ನ ಮೊಮ್ಮಗಳಿಗೆ ನಾನಾಡುವ ಕನ್ನಡ ಅರ್ಥವಾಗುತ್ತದೆ. ಉತ್ತರವನ್ನು ಮಾತ್ರ ಅವಳು ಫ್ರೆಂಚಿನಲ್ಲಿ ಕೊಡುತ್ತಾಳೆ. ಹಿಂದೆ, ಅಂದಿನ ನಮ್ಮ ಶಿವಮೊಗ್ಗ ಜಿಲ್ಲೆಯವರೇ ಆದ ಪಿ. ಲಂಕೇಶರ ‘ಪಾಪದ ಹೂಗಳು’ ಪುಸ್ತಕದಲ್ಲಿ ನಾನು ಬೋದಿಲೇರನನ್ನು ಓದಿದ್ದುಂಟು. ಆಗ ಫ್ರಾನ್ಸಿನ ಕವಿ ಕನ್ನಡದ ಉಡುಪು ತೊಟ್ಟು ನನ್ನ ಮನೆಗೇ ಬಂದಿದ್ದ. ಈಗ ನಾನೇ ಅವನ ಮನೆಯ ಬಾಗಿಲು ತಟ್ಟಬೇಕಾಗಿತ್ತು.

ಮೊದಲ ದಿನದ ಪಾಠವೆಂದರೆ ತನ್ನ ಹೆಸರು ಹೇಳುವ ಒಂದು ಪುಟ್ಟ ವಾಕ್ಯ. ನನ್ನ ಸರದಿ ಬಂದಾಗ ಗಂಟಲು ಒಣಗಿತು. ಕನ್ನಡದಲ್ಲಿ ಸಭೆಗಳಲ್ಲಿ ಮಾತನಾಡಿದವನು, ಮನೆಯ ವ್ಯಾಜ್ಯಗಳನ್ನು ತೀರಿಸಿದವನು, ಇದ್ದಕ್ಕಿದ್ದಂತೆ ಮೂರು ವರ್ಷದ ಕೂಸಿನ ಶಬ್ದಸಂಪತ್ತಿಗೆ ಇಳಿದುಬಿಡುತ್ತಾನೆ. ಆದರೆ ಅವನ ಅಭಿಮಾನಕ್ಕೆ ಅರವತ್ತು ವರ್ಷವೇ ಆಗಿರುತ್ತದೆ. ಹೊಸ ಭಾಷೆಯ ಭಯ ಹುಟ್ಟುವುದು ಈ ಅಂತರದಲ್ಲಿ. ಅಮೆರಿಕದ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ಈ ಭಯವನ್ನು ಅಳೆಯಲು 33 ಹೇಳಿಕೆಗಳ ಒಂದು ಅಳತೆಗೋಲನ್ನೇ ಪ್ರಕಟಿಸಿದರು. ಪರೀಕ್ಷೆಯ ಅಂಜಿಕೆಯೊಂದೇ ಅಲ್ಲ, ಇತರರು ನನ್ನನ್ನು ಏನೆಂದುಕೊಂಡಾರು ಎಂಬ ಅಳುಕೂ ಅದರಲ್ಲಿ ಸೇರಿದೆ. ಅದಕ್ಕೂ ಮುಂಚೆ, 1972ರಲ್ಲಿ, ಗಿಯೋರಾ ಎಂಬ ವಿದ್ವಾಂಸರು ಸಂಗಡಿಗರೊಡನೆ ವಿದ್ಯಾರ್ಥಿಗಳಿಗೆ ಸ್ವಲ್ಪ ಮದ್ಯ ಕುಡಿಸಿ ಥಾಯ್ ಪದಗಳನ್ನು ಉಚ್ಚರಿಸಲು ಹೇಳಿದರು. ಅಲ್ಪ ಪ್ರಮಾಣದಲ್ಲಿ ಕುಡಿದವರ ಉಚ್ಚಾರಣೆ ಸುಧಾರಿಸಿತಂತೆ! ಇದನ್ನು ನಮ್ಮ ಶಾಲೆಗಳು ಅನುಸರಿಸಬೇಕೆಂದು ನನ್ನ ಸೂಚನೆಯಲ್ಲ. ‘ನಾನು’ ಎಂಬ ಬಿಗಿ ಸಡಿಲವಾದಾಗ ನಾಲಿಗೆಯೂ ಸಡಿಲವಾಗುತ್ತದೆಂಬುದಷ್ಟೇ ಗ್ರಾಹ್ಯ.

ನನ್ನ ಭಯದ ಬೇರು ಮಾತ್ರ ಇನ್ನೂ ಹಳೆಯದು. ನಮ್ಮ ಕಾಲದಲ್ಲಿ ಇಂಗ್ಲಿಷ್ ಅಕ್ಷರ ಕಾಣಿಸುತ್ತಿದ್ದುದು ಐದನೆಯ ತರಗತಿಯಲ್ಲಿ. ಮುಂದೆ ಒಂದು ಪ್ರೌಢಶಾಲೆಯಲ್ಲಿ ಮೇಷ್ಟರೊಬ್ಬರು ನನ್ನನ್ನು ನಿಲ್ಲಿಸಿ ಒಂದೇ ಪದವನ್ನು ಮತ್ತೆ ಮತ್ತೆ ಹೇಳಿಸಿದರು. ತರಗತಿಗೆ ತರಗತಿಯೇ ನಕ್ಕಿತು. ಆ ನಗೆಯನ್ನು ನಾನು ಫ್ರೆಂಚ್ ತರಗತಿಗೂ ಹೊತ್ತುಕೊಂಡು ಹೋಗಿದ್ದೆ. ಅಲ್ಲಿದ್ದ ತರುಣರೆಲ್ಲ ಇಂಗ್ಲಿಷನ್ನು ನೀರು ಕುಡಿದಂತೆ ಆಡುವವರು.

ಆದರೆ ಅಲ್ಲಿ ನಡೆದುದೇ ಬೇರೆ. ಮೇಜಿಗೆ ಫ್ರೆಂಚಿನಲ್ಲಿ ‘ತಾಬ್ಲ್’ ಎನ್ನುತ್ತಾರೆ. ಇಂಗ್ಲಿಷಿನ ಬಳಕೆಯವರೆಲ್ಲ ‘ಟ’ಕಾರಕ್ಕೆ ಜಾರಿದರು, ಹಲ್ಲಿಗೆ ನಾಲಿಗೆ ತಾಗಿಸುವ ‘ತ’ ನನಗೆ ಹುಟ್ಟಿನಿಂದಲೇ ಬಂದದ್ದು. ಕೊನೆಗೊಂದು ಉಕಾರ ಸೇರಿಸಿ ‘ತಾಬ್ಲು’ ಎಂದೆನೆಂಬುದು ನಿಜ, ಸ್ವರವಿಲ್ಲದೆ ಮಾತು ಮುಗಿಸುವುದು ಕನ್ನಡದ ಬಾಯಿಗೆ ಒಗ್ಗದು. ಆದರೂ ಅಧ್ಯಾಪಕಿ ತಲೆದೂಗಿದರು. ‘ತ್ಯು’ ಮತ್ತು ‘ವೂ’ಗಳ ಭೇದವಂತೂ ನಮ್ಮ ‘ನೀನು’, ‘ನೀವು’ಗಳೇ. ಗೌರವಕ್ಕೆ ಬಹುವಚನವೇಕೆಂದು ನನಗೆ ಯಾರೂ ವಿವರಿಸಬೇಕಾಗಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಕುಳಿತು ಒಬ್ಬನೇ ನಗುತ್ತಿದ್ದೆ.

ಮರುವಾರ ಸಿಟ್ಟು ಬಂತು. ಮೇಜು ಸ್ತ್ರೀಲಿಂಗವಂತೆ, ಪುಸ್ತಕ ಪುಲ್ಲಿಂಗವಂತೆ! ಇವೆರಡನ್ನೂ ನಪುಂಸಕದಲ್ಲಿ ಹಾಯಾಗಿ ಇಟ್ಟಿರುವ ಕನ್ನಡಿಗನಿಗೆ ಇದು ಅನ್ಯಾಯವಾಗಿಯೇ ತೋರುತ್ತದೆ. ತೊಂಬತ್ತೇಳು ಎನ್ನಲು ‘ನಾಲ್ಕು ಇಪ್ಪತ್ತು ಹದಿನೇಳು’ ಎನ್ನಬೇಕು. ಆದರೆ ಈ ಸಿಟ್ಟು ನಿರಪಾಯಕಾರಿ. ಅದು ಭಾಷೆಯ ಮೇಲಿನದು, ಎರಡು ದಿನದಲ್ಲಿ ಇಳಿಯುತ್ತದೆ. ನಾಚಿಕೆ ಹಾಗಲ್ಲ, ಅದು ತನ್ನ ಮೇಲೆಯೇ ತಿರುಗುತ್ತದೆ, ಬಾಯಿಯನ್ನೇ ಮುಚ್ಚಿಸುತ್ತದೆ. ಕಲಿಸುವವರು ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಬೇಕೆಂದು ನನ್ನ ಅಭಿಪ್ರಾಯ. ತಪ್ಪನ್ನು ತಿದ್ದದೆ ಬಿಡಬೇಕೆಂದಲ್ಲ. ತಿದ್ದುವಾಗ ಸುತ್ತಲಿನವರು ನಗದಂತೆ ನೋಡಿಕೊಂಡರೆ ಸಾಕು.

ಮೊನ್ನೆ ದೂರವಾಣಿಯಲ್ಲಿ ಮೊಮ್ಮಗಳನ್ನು, ‘ನಿನ್ನ ಶಾಲೆ ಯಾವ ಬೀದಿಯಲ್ಲಿದೆ?’ ಎಂದು ಫ್ರೆಂಚಿನಲ್ಲಿಯೇ ಕೇಳಿದೆ. ಬೀದಿಗೆ ‘ರ್ಯೂ’, ಚಕ್ರಕ್ಕೆ ‘ರೂ’. ನಾಲಿಗೆಯನ್ನು ‘ಈ’ಕಾರಕ್ಕಿಟ್ಟು ತುಟಿಯನ್ನು ‘ಊ’ಕಾರಕ್ಕೆ ದುಂಡಗೆ ಮಾಡಬೇಕಾದ ಆ ಸ್ವರ ನನಗೆ ಇನ್ನೂ ಒಲಿದಿಲ್ಲ. ಶಾಲೆ ಯಾವ ಚಕ್ರದಲ್ಲಿದೆ ಎಂದು ಕೇಳಿದಂತಾಯಿತು. ಅವಳು ಬಿದ್ದು ಬಿದ್ದು ನಕ್ಕಳು. ನನಗೆ ಗಂಟಲು ಒಣಗಲಿಲ್ಲ, ನಾನೂ ನಕ್ಕೆ.

‘ಅಜ್ಜಾ, ತುಟಿ ಮುಂದೆ ಮಾಡು’ ಎಂದಳು, ಕನ್ನಡದಲ್ಲಿ.