ಹಿತ್ತಲ ಸ್ಟ್ರಾಬೆರಿಗೆ ಹಿಮದ ಕಾಟ

ಊಟಿ: ನೀಲಗಿರಿ ಎಂದೊಡನೆ ನೆನಪಾಗುವುದು ಚಹಾ, ಕ್ಯಾರೆಟ್, ವರ್ಕಿ. ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ ಸ್ಟ್ರಾಬೆರಿಯನ್ನೂ ಸೇರಿಸಬೇಕು. ಅಡುಗೆಮನೆ ಹಿಂದಿನ ನಾಲ್ಕು ಮಡಿಗಳಲ್ಲಿ ಅಮ್ಮ ಬೆಳೆಸಿದ ಅರವತ್ತು ಗಿಡಗಳೇ ಇದಕ್ಕೆ ಕಾರಣ.

ಮೊದಲು ಅದು ಮಕ್ಕಳ ಬಾಯಿರುಚಿಗೆ ಬೆಳೆದದ್ದು. ಚಹಾ ಸೊಪ್ಪಿನ ಬೆಲೆ ಬಿದ್ದ ವರ್ಷ ಅದೇ ಹಣ್ಣು ತಂಗಿಯ ಪರೀಕ್ಷೆ ಫೀಸಿಗೆ ಆಯಿತು. ಅಲ್ಲಿಂದ ಮುಂದೆ ಅಮ್ಮ ಹಣ್ಣನ್ನು ಲೆಕ್ಕ ಮಾಡಿಯೇ ಕೀಳುತ್ತಾರೆ!

ಅಂದಹಾಗೆ, ಸ್ಟ್ರಾಬೆರಿಯ ಕಾಡುಜಾತಿಯೊಂದಕ್ಕೆ ಈ ಬೆಟ್ಟದ್ದೇ ಹೆಸರಿದೆ: 'ಫ್ರಗೇರಿಯಾ ನೀಲ್ಗೆರೆನ್ಸಿಸ್'. ಅದರ ಹಣ್ಣು ಚಿಕ್ಕದು, ಬಣ್ಣ ಬಿಳಿಚು. ತೋಟದಲ್ಲಿ ಬೆಳೆಯುವ ಕೆಂಪು ಹಣ್ಣು ಬೇರೆ. ಅಮೆರಿಕ ಖಂಡಗಳ ಎರಡು ಜಾತಿಗಳು 18ನೇ ಶತಮಾನದಲ್ಲಿ ಯುರೋಪಿನ ತೋಟಗಳಲ್ಲಿ ಬೆರೆತು ಅದು ಹುಟ್ಟಿತು.

ಕುತ್ತಿಗೆ ಹೂಳಬೇಡಿ

ಮೊದಲ ವರ್ಷ ತಂದ ಇಪ್ಪತ್ತು ಸಸಿಗಳೂ ಕೊಳೆತವು. ನರ್ಸರಿಯವರನ್ನು ಬೈದದ್ದೇ ಬೈದದ್ದು. ಆಮೇಲೆ ಗೊತ್ತಾಯಿತು, ತಪ್ಪು ನಮ್ಮದೇ. ಎಲೆಗಳು ಹೊರಡುವ ನಡುಗುಬ್ಬಿ ಮಣ್ಣಿನ ಮೇಲೇ ಇರಬೇಕು, ನಾವು ಅದನ್ನೇ ಮುಚ್ಚಿಬಿಟ್ಟಿದ್ದೆವು. ಹಾಗಂತ ತೀರಾ ಮೇಲೆ ನೆಟ್ಟರೆ ಬೇರು ಒಣಗುತ್ತದೆ.

ಗಿಡದಿಂದ ಗಿಡಕ್ಕೆ ಒಂದಡಿ ಅಂತರ ಸಾಕು. ತುಸು ಹುಳಿ ಮಣ್ಣು ಇದಕ್ಕೆ ಇಷ್ಟ, ನೀಲಗಿರಿಯಲ್ಲಿ ಅದಕ್ಕೇನೂ ಬರವಿಲ್ಲ. ಮಡಿ ಎತ್ತರವಾಗಿರಬೇಕು, ನೀರು ನಿಲ್ಲಬಾರದು. ಎಳೆ ಗಿಡದ ಮೊದಲ ಹೂಗಳನ್ನು ಚಿವುಟಬೇಕು. 'ಆಸೆಪಟ್ಟು ಬಿಟ್ರೆ ಗಿಡ ಸೋತೋಗುತ್ತೆ ಕಣೋ' ಎನ್ನುವ ಅಮ್ಮ, ಚಿವುಟುವಾಗ ಮಾತ್ರ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ.

ಹೂ ಅರಳಿದ ಸುಮಾರು ಒಂದು ತಿಂಗಳಿಗೆ ಹಣ್ಣು. ಪೂರ್ತಿ ಕೆಂಪಾದ ಮೇಲೇ ಕೀಳಬೇಕು, ಬಾಳೆ–ಮಾವಿನ ಹಾಗೆ ಕಿತ್ತಿಟ್ಟರೆ ಸಿಹಿಯಾಗುವುದಿಲ್ಲ. ಮಣ್ಣಿಗೆ ತಾಗಿದ ಹಣ್ಣಿಗೆ ಮಳೆಗಾಲದಲ್ಲಿ ಬೂದು ಬೂಸ್ಟು ಖಚಿತ. ಅದಕ್ಕೇ ಗಿಡದ ಬುಡಕ್ಕೆ ಒಣಹುಲ್ಲು ಹಾಸುತ್ತೇವೆ. ಆದರೆ ಅದೇ ಹುಲ್ಲಿನಡಿ ಸಿಂಬಳದ ಹುಳು ಅಡಗಿರುತ್ತದೆ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಮದ್ದು. ಹಕ್ಕಿಗೆ ಬಲೆ ಕಟ್ಟಬಹುದು. ಕೋತಿಗೆ? ನಮಗಂತೂ ಉಪಾಯ ತೋಚಿಲ್ಲ.

ಒಂದೇ ರಾತ್ರಿಯಲ್ಲಿ...

ಹೋದ ಜನವರಿಯಲ್ಲಿ ಗಿಡದ ತುಂಬ ಹೂವಿತ್ತು. ಸಂಜೆ ಮೋಡವಿದ್ದ ಕಾರಣ 'ಇವತ್ತು ಹಿಮ ಬೀಳಲ್ಲ ಬಿಡು' ಎಂದು ಮಲಗಿದೆವು. ನಡುರಾತ್ರಿ ಮೋಡ ಚದುರಿದೆ, ಗಾಳಿಯೂ ನಿಂತಿದೆ. ಇಂಥ ರಾತ್ರಿಯಲ್ಲೇ ನೆಲದ ಬಿಸಿಯೆಲ್ಲ ಮೇಲೆ ಹಾರಿ, ತಗ್ಗಿನ ಜಾಗದಲ್ಲಿ ಥಂಡಿ ಕೂರುವುದು. ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ. ಎಲೆಗಳಿಗೆ ಅಷ್ಟೇನೂ ಆಗಿರಲಿಲ್ಲ. ಬಿಸಿಲೇರಿದ ಮೇಲೆ ನೋಡಿದರೆ ಪ್ರತಿ ಹೂವಿನ ನಡುವೆ ಕಪ್ಪು ಬೊಟ್ಟು! ಅಂಥ ಹೂವು ಕಾಯಿ ಕಟ್ಟುವುದಿಲ್ಲ. ತಂಗಿಯ ಫೀಸಿಗೆ ಆ ಸಲ ಅಮ್ಮನ ಓಲೆ ಅಡವಿಗೆ ಹೋಯಿತು.

ಗಿಡಗಳು ಸಾಯಲಿಲ್ಲ. ಮಾರ್ಚಿನಲ್ಲಿ ಮತ್ತೆ ಹೂ ಬಿಟ್ಟವು, ಆದರೆ ಓಲೆ ಬಿಡಿಸುವಷ್ಟು ಹಣ್ಣಾಗಲಿಲ್ಲ. ಈಗ ಡಿಸೆಂಬರ್ ಬಂತೆಂದರೆ ಮೋಡವಿರಲಿ, ಇಲ್ಲದಿರಲಿ, ಸಂಜೆ ಐದಕ್ಕೇ ಕಡ್ಡಿ ನೆಟ್ಟು ಗೋಣಿತಾಟು, ಹಳೇ ಸೀರೆ ಹೊದಿಸುತ್ತೇವೆ. ಬೆಳಿಗ್ಗೆ ಬಿಸಿಲು ಬಂದ ಮೇಲೆ ತೆಗೆಯುತ್ತೇವೆ.

ಬಯಲುಸೀಮೆಯಲ್ಲಿ ಹಿಮದ ಚಿಂತೆಯಿಲ್ಲ, ಬಿಸಿಲಿನದ್ದೇ ಚಿಂತೆ. ಹೊಸೂರು, ಸೋಲಾಪುರದ ಕಡೆಯವರು ಅಕ್ಟೋಬರಿನಲ್ಲಿ ಕುಂಡಕ್ಕೆ ನೆಟ್ಟು, ಬೇಸಿಗೆಗೆ ಮುಂಚೆಯೇ ಹಣ್ಣು ಕೀಳುವ ಲೆಕ್ಕ ಹಾಕಿಕೊಳ್ಳಬೇಕು. ಸೋಲಾಪುರ, ಜತ್ತದವರಿಗೆ ತಮ್ಮ ರಾಜ್ಯದಲ್ಲೇ ಮಹಾಬಲೇಶ್ವರವಿದೆ, ಅಲ್ಲಿನ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ.

ಗಿಡದಿಂದ ಹೊರಡುವ ಬಳ್ಳಿಯ ತುದಿಗೆ ಪುಟ್ಟ ಸಸಿ ಬಿಡುತ್ತದೆ. ಅದನ್ನು ಮಣ್ಣಿಗೆ ಒತ್ತಿ, ಬೇರು ಬಂದ ಮೇಲೆ ಕತ್ತರಿಸಿದರೆ ಬೇರೆ ಗಿಡ ಆಯಿತು. ಅಮ್ಮ ಈ ವರ್ಷ ಹಾಗೆ ಮೂವತ್ತು ಸಸಿ ಮಾಡಿದ್ದಾರೆ. ಹತ್ತು ಪಕ್ಕದ ಮನೆಗೆ, ಉಳಿದದ್ದು ಐದನೇ ಮಡಿಗೆ. ಓಲೆ ಇನ್ನೂ ಅಂಗಡಿಯಲ್ಲೇ ಇದೆ.