ಆಟವೂ ಜೀವನೋಪಾಯವೂ

ಹತ್ತನೆಯ ತರಗತಿಯನ್ನು ಮುಗಿಸಿ ಕಾಲೇಜಿಗೆ ಹೊರಡುವ ಹುಡುಗಿಯು ಖೊಖೊ, ಕಬಡ್ಡಿ, ಓಟಗಳಲ್ಲಿ ಮುಂದಾಗಿದ್ದರೆ, ಅವಳ ತಾಯ್ತಂದೆಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಆಟದಿಂದ ಹೊಟ್ಟೆ ತುಂಬೀತೇ?” ಪ್ರಶ್ನೆಯು ನ್ಯಾಯವಾದುದು. ಆದಕಾರಣ ಹಣ, ಅರ್ಹತೆ, ಉದ್ಯೋಗ ಎಂಬ ಮೂರು ವಿಷಯಗಳನ್ನು ಕುರಿತು ನಾವು ಬಲ್ಲಷ್ಟನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ದೂರದ ಉದಾಹರಣೆಯೇಕೆ? ನಮ್ಮ ಮಳವಳ್ಳಿ ತಾಲ್ಲೂಕಿಗೆ ನೆರೆಯಾದ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಬಿ. ಚೈತ್ರಾ ಅವರು 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೊಖೊ ವಿಶ್ವಕಪ್ಪಿನಲ್ಲಿ ಭಾರತದ ಪರವಾಗಿ ಆಡಿದರು. ಅಂತಿಮ ಪಂದ್ಯದಲ್ಲಿ ನಮ್ಮ ಮಹಿಳೆಯರ ತಂಡವು ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿತು. ಕರ್ನಾಟಕದ ಇಬ್ಬರು ಆಟಗಾರರಿಗೆ ರಾಜ್ಯ ಸರ್ಕಾರವು ತಲಾ 5 ಲಕ್ಷ ರೂಪಾಯಿಗಳನ್ನು ಘೋಷಿಸಿತು. ಮಹಾರಾಷ್ಟ್ರವು ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿಗಳನ್ನೂ ಸರ್ಕಾರಿ ಕೆಲಸವನ್ನೂ ಕೊಡುತ್ತಿದೆಯೆಂದು ಹೇಳಿ ಅವರಿಬ್ಬರೂ ಆ ಬಹುಮಾನವನ್ನು ಒಪ್ಪಲಿಲ್ಲ. ಇದರಿಂದ ತಾಯ್ತಂದೆಗಳು ತಿಳಿಯತಕ್ಕದ್ದೇನೆಂದರೆ, ಬಹುಮಾನವು ಸಂಬಳವಲ್ಲ. ಅದು ಗೆದ್ದ ಮೇಲೆ ಬರುವುದು, ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದು. ಅದನ್ನು ನೆಚ್ಚಿ ಸಂಸಾರವನ್ನು ನಡೆಸಲಾಗದು.

ನಮ್ಮ ದೇಶದ ಕಾಲೇಜುಗಳು ಆಟಗಾರ್ತಿಗೆ ಸಂಬಳ ಕೊಡುವ ಪದ್ಧತಿಯಿಲ್ಲ. ಕೆಲವೆಡೆ ಶುಲ್ಕದ ವಿನಾಯಿತಿ, ವಸತಿ, ಪ್ರಯಾಣದ ವೆಚ್ಚ, ಉಡುಪು ದೊರೆಯುತ್ತವೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದವರಿಗೆ ತರಬೇತಿಯ ಜೊತೆಗೆ ತಿಂಗಳಿಗೆ 10,000 ರೂಪಾಯಿಗಳ ಕೈಖರ್ಚೂ ಉಂಟು. ಆದರೆ ಹಾಗೆ ಆಯ್ಕೆಯಾಗುವವರು ಕೆಲವರೇ. ಅಮೆರಿಕದ ರೀತಿಯೇ ಬೇರೆ. ಅಲ್ಲಿಯೂ ಬಹುಕಾಲ ವಿದ್ಯಾರ್ಥಿವೇತನಕ್ಕಿಂತ ಹೆಚ್ಚಿನದು ನಿಷಿದ್ಧವಾಗಿತ್ತು. 2021ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳಿಂದ ಸಂಪಾದಿಸಬಹುದೆಂದಾಯಿತು. 2025ರಲ್ಲಿ ನ್ಯಾಯಾಲಯವು ಒಪ್ಪಿದ ಒಂದು ಒಡಂಬಡಿಕೆಯ ಮೇರೆಗೆ ಕಾಲೇಜುಗಳೇ ನೇರವಾಗಿ ಹಣ ಹಂಚುವಂತಾಯಿತು. ಮೊದಲ ವರ್ಷದ ಮಿತಿಯು ಒಂದೊಂದು ಸಂಸ್ಥೆಗೆ ಸುಮಾರು 2 ಕೋಟಿ 5 ಲಕ್ಷ ಡಾಲರು.

ಇನ್ನು ಅರ್ಹತೆ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಆಡುವವಳು ಹೆಸರಿಗೆ ಮಾತ್ರ ವಿದ್ಯಾರ್ಥಿನಿಯಾಗಿದ್ದರೆ ಸಾಲದು, ಕ್ರಮವಾಗಿ ಓದುತ್ತಿರಬೇಕು. ವಯಸ್ಸಿಗೂ ಮಿತಿಯುಂಟು, ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡೆಗಳಲ್ಲಿ 25 ವರ್ಷ ದಾಟಿದವರಿಗೆ ಎಡೆಯಿಲ್ಲ. ಆದುದರಿಂದ ವಿದ್ಯೆಯನ್ನು ಬಿಟ್ಟ ಹುಡುಗಿಯು ಕಾಲೇಜಿನ ಅಂಗಳವನ್ನೂ ಬಿಟ್ಟಂತೆಯೇ.

ಉದ್ಯೋಗದ ವಿಷಯದಲ್ಲಿ ಆಸೆಗೆ ಆಧಾರವುಂಟು. ರೈಲ್ವೆ, ಪೋಲೀಸು ಮುಂತಾದ ಇಲಾಖೆಗಳು ಕ್ರೀಡಾಪಟುಗಳನ್ನು ಪ್ರತ್ಯೇಕವಾಗಿ ನೇಮಿಸಿಕೊಳ್ಳುತ್ತವೆ. ಕೇಂದ್ರ ಸರ್ಕಾರದ ಇಂತಹ ನೇಮಕಗಳಿಗೆ ರಾಷ್ಟ್ರೀಯ ಪಂದ್ಯಗಳಲ್ಲಿ ರಾಜ್ಯದ ಪರವಾಗಿಯೋ, ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ವಿಶ್ವವಿದ್ಯಾಲಯದ ಪರವಾಗಿಯೋ ಆಡಿದ ದಾಖಲೆ ಬೇಕು. ತಾಲ್ಲೂಕು ಮಟ್ಟದ ಗೆಲವು ಸಾಲದು. ಪದವಿಯ ಮೇಲೆ ಬಿ.ಪಿ.ಎಡ್. ಮುಗಿಸಿದವಳು ವ್ಯಾಯಾಮ ಶಿಕ್ಷಕಿಯಾಗಬಹುದು. ಪದಕ ಬಾರದವಳಿಗೂ ತೆರೆದಿರುವ ಬಾಗಿಲು ಇದು. ಕಾಲು ಉಳುಕಿ ಆಟ ನಿಂತರೂ ಕಲಿತ ವಿದ್ಯೆ ನಿಲ್ಲದು.

ಆದಕಾರಣ ಬಂಡೂರಿನ ಹಾಗೂ ಸುತ್ತಲಿನ ಗ್ರಾಮಗಳ ತಾಯ್ತಂದೆಗಳಲ್ಲಿ ನಮ್ಮ ವಿನಂತಿ ಇಷ್ಟು. ಮಗಳ ಜನನಪತ್ರವನ್ನೂ ಪ್ರತಿಯೊಂದು ಪಂದ್ಯದ ಪ್ರಮಾಣಪತ್ರವನ್ನೂ ಜೋಪಾನವಾಗಿಡಿರಿ. ಕಾಲೇಜಿಗೆ ಸೇರಿಸುವ ಮುನ್ನ ಅಲ್ಲಿ ಮೈದಾನವೂ ಮಹಿಳಾ ತರಬೇತಿದಾರರೂ ಇರುವರೇ, ಸಂಜೆಯ ಅಭ್ಯಾಸವಾದ ಮೇಲೆ ಊರಿಗೆ ಬಸ್ಸು ಸಿಗುವುದೇ ಎಂದು ವಿಚಾರಿಸಿರಿ. ಎಷ್ಟೋ ಹುಡುಗಿಯರ ಆಟ ನಿಲ್ಲುವುದು ಸೋಲಿನಿಂದಲ್ಲ, ಆ ಕಡೆಯ ಬಸ್ಸು ತಪ್ಪುವುದರಿಂದ. ಈಗ ಉದ್ಯೋಗದಲ್ಲಿರುವ ನಮ್ಮ ಪೂರ್ವವಿದ್ಯಾರ್ಥಿನಿಯರು ಪಟ್ಟಣದಲ್ಲಿ ಇಂತಹ ಒಬ್ಬ ಹುಡುಗಿಗೆ ಇಳಿದುಕೊಳ್ಳಲು ಎಡೆಯನ್ನು ಕೊಡಬಲ್ಲರಾದರೆ, ದಯವಿಟ್ಟು ಶಾಲೆಗೆ ತಿಳಿಸಬೇಕಾಗಿ ಕೋರುತ್ತೇವೆ.